ಬೆಂಕಿದೋಣಿಯ ಅಳತೆ

ಒಂದು ಜಗ್ಗಿದರೆ, ಇದೀನಿ ಅಂತ.
ಎರಡು ಜಗ್ಗಿದರೆ, ತಡಿ.
ಮೂರು ಜಗ್ಗಿದರೆ ಬೀಡಿ ಬಿಸಾಕು ಹುಸೇನಪ್ಪ, ಎಳಿ.

ಸಂಕ್ರಾಂತಿ ಮರುದಿನ, ಮುನಿರಾಬಾದಿನ ಹಿನ್ನೀರು.
ಹರಗೋಲು ತನ್ನ ಸುತ್ತ ತಾನೇ ತಿರುಗುತ್ತ
ಎತ್ತ ಮುಖ ಮಾಡಲಿ ಅಂತ ಕೇಳುತ್ತಿದೆ.
ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಸೀಸ,
ಹರಿದಲ್ಲಿ ಸೈಕಲ್ ಟ್ಯೂಬು ಅಂಟಿಸಿದ ರಬ್ಬರಂಗಿ.
ತೇಪೆಯ ಸಂದಿಯಿಂದ ಒಳಗೆ ಬಂತು ಚಳಿ,
ಸಾಲ ಕೇಳಲು ಬಂದ ಬೀಗನ ಹಾಗೆ,
ಬಂದು ಕೂತಮೇಲೆ ಏಳುವುದಿಲ್ಲ.

ಆರು ಮೀಟರು. ಮೂಗು ಹಿಡಿದು ಉಸಿರು ಒತ್ತಿದೆ;
ಕಿವಿಯೊಳಗೆ ಕಡಲೆ ಸಿಡಿಯಿತು.
ಹತ್ತು. ಹಸಿರು ಹೋಗಿ ಕಂದು.
ಹದಿನಾರು. ಕಂದೂ ಹೋಯಿತು.
ಟಾರ್ಚು ಹಚ್ಚಿದರೆ ಕಾಣುವುದು ಟಾರ್ಚಿನ ಬೆಳಕೊಂದೇ.
ಇನ್ನು ಕೈಯೇ ಕಣ್ಣು.

ಅಣೆಕಟ್ಟು ಕಟ್ಟುವ ಕಾಲದ ಲಾಂಚು.
ಕಲ್ಲಿದ್ದಲು ತಿಂದು ಓಡುತ್ತಿತ್ತಂತೆ, ಅದಕ್ಕೇ ಬೆಂಕಿದೋಣಿ.
ಗಾರೆ ಹೊತ್ತ ನಮ್ಮಜ್ಜಿ ಯಮನವ್ವ ಹೇಳುತ್ತಿದ್ದಳು:
ದೋಣಿ ಮುಳುಗಿ ಎಷ್ಟೋ ಹೊತ್ತಾದರೂ
ಹೊಗಿ ಮಾತ್ರ ನೀರಮ್ಯಾಲೆ ನಿಂತಿತ್ತವಾ,
ಯಾರ ಮನಿಗೆ ಹೋಗ್ಲಿ ಅನ್ನೋಹಂಗ.

ಸಿಕ್ಕಿತು. ಮೊದಲು ಬಲೆ.
ಯಾರೋ ಬಿಟ್ಟುಹೋದ ನೈಲಾನು, ಯಾರಿಗೂ ಅಲ್ಲದೆ
ಇನ್ನೂ ಮೀನು ಹಿಡಿಯುತ್ತಲೇ ಇದೆ.
ನನ್ನ ಕಾಲನ್ನೂ ಹಿಡಿಯಿತು.
ಉಸಿರು ಎಣಿಸಿದೆ. ಚಾಕು. ಒಂದೆಳೆ, ಇನ್ನೊಂದೆಳೆ.
ಮೇಲಿಂದ ಒಂದು ಜಗ್ಗು: ಇದ್ದೀಯಾ?
ತಡೆದು, ಒಂದು ಜಗ್ಗಿದೆ.

ಆಮೇಲೆ ಕಬ್ಬಿಣ. ರಿವಿಟ್ಟಿನ ಸಾಲು ಬೆರಳಿಗೆ
ನಿನ್ನೆಯ ಸಜ್ಜೆರೊಟ್ಟಿಯ ಮೇಲಿನ ಎಳ್ಳು.
ಒಲೆಯ ಬಾಯಿ ತೆರೆದೇ ಇದೆ, ಮೊಣಕೈವರೆಗೆ ಕೈ ಹಾಕಿದೆ.
ಇಡೀ ಡ್ಯಾಮಿನಲ್ಲಿ ಅಷ್ಟು ತಣ್ಣಗಿನ ಜಾಗ ಇನ್ನೊಂದಿಲ್ಲ.
ಒಳಗಿಂದ ನುಣ್ಣಗೆ ಏನೋ ಬೆರಳಸಂದಿ ಜಾರಿಹೋಯಿತು,
ಬಾಳೆಮೀನೋ, ಹಾವುಮೀನೋ.

ನಾನು ಬಂದದ್ದು ಅಳೆಯಲಿಕ್ಕೆ. ಇಲಾಖೆಗೆ ಹೂಳಿನ ಲೆಕ್ಕ ಬೇಕು,
ಸೆಂಟಿಮೀಟರಿನಲ್ಲಿ. ಅದನ್ನು ಮೇಲೆ ಹೋಗಿ ಬರೆಯುತ್ತೇನೆ.
ಹೋದ ವರ್ಷ ಹೂಳಿಗೂ ಒಲೆಬಾಯಿಗೂ ನಡುವೆ ಮೂರು ಗೇಣು.
ಈ ಸಲ ಹೆಬ್ಬೆರಳು ಹೂಳಲ್ಲಿ ಊರಿ ಕೈ ಚಾಚಿದೆ,
ಕಿರುಬೆರಳು ಒಲೆಬಾಯಿಯನ್ನೂ ದಾಟಿಹೋಯಿತು.
ಒಮ್ಮೆ ನೀರಲ್ಲಿ ಮುಳುಗಿದ್ದು
ಈಗ ಮಣ್ಣಲ್ಲಿ ಮುಳುಗುತ್ತಿದೆ, ಅವಸರವಿಲ್ಲದೆ,
ಅದರ ಜೊತೆಗೆ ನೀರೂ.

ಮೂರು ಜಗ್ಗಿದೆ.
ಐದು ಮೀಟರಿನಲ್ಲಿ ಎರಡು ಜಗ್ಗಿದೆ. ಮೂರು ನಿಮಿಷ
ಅಲ್ಲಿ ನೇತಾಡಬೇಕು, ರಕ್ತಕ್ಕೆ ಸಮಾಧಾನ ಹೇಳುತ್ತ.
ನನ್ನ ಗುಳ್ಳೆಗಳು ನನಗಿಂತ ಮೊದಲು ಹೋಗಿ
ಹರಗೋಲಿನ ತಳಕ್ಕೆ ಬಡಿದು ಒಡೆಯುತ್ತಿದ್ದವು.

"ಐತೇನವಾ ಇನ್ನಾ?"
ಹಲ್ಲು ಕಟಕಟ, ಬಾಯಿ ಹೇಳಿದ್ದು ಕೇಳದು.
ಗೇಣು ಚಾಚಿ ತೋರಿಸಿದೆ. ಆಮೇಲೆ
ಕಿರುಬೆರಳು ಮಡಚಿದೆ.

ಹುಸೇನಪ್ಪ ಇನ್ನೊಂದು ಬೀಡಿ ಹಚ್ಚಿದ.
ಗಾಳಿ ಇರಲಿಲ್ಲ.