ಹಾಳೆ ಬಿಡಿಸುವವಳು

ಕುತೈಸಿಯ ದಫ್ತರಖಾನೆಯ ನೆಲಮಾಳಿಗೆಯಲ್ಲಿ
ನನ್ನದು ಒಂದೇ ಕೆಲಸ: ಅಂಟಿಕೊಂಡ ಹಾಳೆ ಬಿಡಿಸುವುದು.
ರಿಯೋನಿ ಹೊಳೆ ಒಮ್ಮೆ ಒಳಗೆ ಬಂದು ಹೋಗಿತ್ತು.
ಚರ್ಚುಗಳ ಜನನ ಮರಣದ ಲೆಕ್ಕವೆಲ್ಲ
ಒಣಗಿ ಇಟ್ಟಿಗೆಯಾಗಿತ್ತು.
ಎಳೆದರೆ ಹರಿಯುತ್ತದೆ. ಹಬೆ ಹಿಡಿಯಬೇಕು,
ಮೂಳೆಯ ಅಲಗು ತೂರಿಸಬೇಕು, ಉಸಿರು ಕಟ್ಟಿ.
ದಿನಕ್ಕೆ ನಾಲ್ಕು ಹಾಳೆ. ಐದಾದರೆ ಹಬ್ಬ.

ಇಷ್ಟು ಬಲ್ಲವಳಿಗೆ
ತನ್ನೊಳಗೇ ಒಂದು ಮುಚ್ಚಿಕೊಂಡದ್ದು
ಎರಡು ವರ್ಷ ತಿಳಿಯಲಿಲ್ಲ.

ಹನ್ನೊಂದನೇ ವಾರಕ್ಕೆ ನಿಂತುಹೋದದ್ದನ್ನು
ಕೆರೆದು ತೆಗೆದಿದ್ದರು. ಒಂದು ಕೆರೆತ ಹೆಚ್ಚಾಗಿತ್ತು.
ಆಮೇಲೆ ತಿಂಗಳು ತಿಂಗಳೂ ಹೊಟ್ಟೆ ಹಿಂಡುವುದು,
ಬಟ್ಟೆ ಮಾತ್ರ ಬಿಳಿ.
ತಣ್ಣನೆ ಕಲ್ಲಿನ ಮೇಲೆ ಕೂತೆ, ಅದಕ್ಕೇ, ಎಂದಳು ಅತ್ತೆ ಮಕ್ವಾಲಾ.
ಬದ್ರಿ ಏನೂ ಅನ್ನಲಿಲ್ಲ. ತೊಟ್ಟಿಲಿಗೆಂದು ತಂದ ಹಲಗೆಯನ್ನು
ಒಂದು ಭಾನುವಾರ ಕಪಾಟಿನ ಬಾಗಿಲು ಮಾಡಿದ.

ಒಳಗೆ ಗೋಡೆಗೆ ಗೋಡೆ ಮುಟ್ಟಿಕೊಂಡು
ಮುಟ್ಟು ನಿಂತಿತ್ತು.

ಬೆನ್ನಿಗೆ ಸೂಜಿ. ಕಾಲು ಯಾರದೋ ಆಯಿತು.
ಆ ಪರದೆ ನನ್ನ ಕಡೆಗೂ ತಿರುಗಿಸಿ, ಎಂದೆ.
ನರ್ಸು ಹುಬ್ಬೇರಿಸಿದಳು. ಲಮಾರಾ ಡಾಕ್ಟರು ತಿರುಗಿಸಿದರು.
ಉಪ್ಪುನೀರು ನುಗ್ಗಿ ಕತ್ತಲೆ ಸ್ವಲ್ಪ ಉಬ್ಬಿತು:
ಬಿಳಿ ನಾರು, ಜಾಲರಿ, ಒಂದೆಡೆ ಕಂಬದಷ್ಟು ದಪ್ಪ,
ಯಾವ ಹಬೆಗೂ ಜಗ್ಗದ ಹಳೇ ಸರೇಸಿನ ಹಾಗೆ.
ಅಕ್ಕಿಕಾಳಿನಷ್ಟು ಕತ್ತರಿ ಬಂತು.
"ಕರೆಂಟಿನಲ್ಲಿ ಸುಟ್ಟರೆ ಬೇಗ. ಸುಟ್ಟದ್ದು ಮತ್ತೆ ಅಂಟುತ್ತೆ."
ನನಗೆ ಹೇಳಿದರೋ, ಕತ್ತರಿಗೋ.
ನಡುವಿನಿಂದ ಹೊರಟು ಅಂಚಿಗೆ ಹೋಗುತ್ತಿದ್ದರು.
ನಾನಾದರೆ ಅಂಚಿನಿಂದ ಶುರುಮಾಡುವವಳು.
ಹೇಳಬೇಕೆನಿಸಿತು. ತುಟಿ ಕಚ್ಚಿಕೊಂಡೆ.
ನರ್ಸು ನೀರಿನ ಲೆಕ್ಕ ಒಪ್ಪಿಸುತ್ತಿದ್ದಳು:
ಒಂಬೈನೂರು ಒಳಗೆ, ಎಂಟುನೂರು ಹೊರಗೆ.

ಬಲಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಕಣ್ಣುಬಿಟ್ಟಿತು.
ನಾಳದ ಬಾಯಿ, ಎಂದರು, ನಾಯಿಮರಿ ಕಂಡವರ ದನಿಯಲ್ಲಿ.
ಎಡದ್ದು ತೆರೆಯಲಿಲ್ಲ.
"ಇವತ್ತಿಗೆ ಸಾಕು. ಗೋಡೆ ತೂತಾದೀತು."
ಸಾಕು ಅನ್ನುವುದು ಎಷ್ಟು ಕಷ್ಟ, ನನಗೆ ಗೊತ್ತು.
ಅರ್ಧ ಹೆಸರು ಕೊಟ್ಟು ಇನ್ನರ್ಧ ಹಿಡಿದಿಟ್ಟ ಹಾಳೆಗಳು
ನನ್ನ ಮೇಜಿನ ಮೇಲೆ ಈಗಲೂ ಇವೆ.

ಮತ್ತೆ ಅಂಟದಿರಲೆಂದು ನಾನು ಮೇಣದ ಕಾಗದ ಇಡುತ್ತೇನೆ.
ಅವರು ಪುಟ್ಟ ಬಲೂನೊಂದನ್ನು ಇಟ್ಟರು, ಒಂದು ವಾರಕ್ಕೆ.
"ಬಲೂನೇ? ಯಾರ ಹುಟ್ಟುಹಬ್ಬ?" ಎಂದುಬಿಟ್ಟಳು ಮಕ್ವಾಲಾ.
ಎಂದವಳೇ ಸೆರಗಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು
ಅಡಿಗೆಮನೆಗೆ ಹೋದಳು. ನಲ್ಲಿ ತುಂಬ ಹೊತ್ತು ಸುರಿಯಿತು.

ಗುಳಿಗೆ ಮುಗಿದ ಐದನೆಯ ದಿನ, ನೆಲಮಾಳಿಗೆಯಲ್ಲಿ,
ಯಾರದೋ ನಾಮಕರಣದ ಸಾಲು ಬಿಡಿಸುತ್ತಿದ್ದೆ.
ಬೆಚ್ಚಗೆ ಏನೋ ಜಾರಿತು.
ಚೀಲ ತಡಕಿದೆ. ಪ್ಯಾಡ್ ಇರಲಿಲ್ಲ,
ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೆ.
ಕೈಗೆ ಸಿಕ್ಕಿದ್ದು ಹೀರುಕಾಗದ, ಜರ್ಮನಿಯಿಂದ ತರಿಸಿದ್ದು,
ಎಣಿಸಿ ಕೊಡುವಂಥದು.

ಆ ದಿನದ ದಾಸ್ತಾನಿನಲ್ಲಿ ಮೂರು ಹಾಳೆ ಕಮ್ಮಿ.
ಕಾರಣ ಎಂಬ ಕಾಲಮ್ಮಿನಲ್ಲಿ
ಒದ್ದೆಯಾದವು, ಎಂದಷ್ಟೇ ಬರೆದೆ.