ನಿವಾಸಿ ದರ

ಪ್ಲಾಸ್ಟರಿನ ತಿಮಿಂಗಿಲ ಬಾಯಿ ಕಳೆದು ನಿಂತ ಗೇಟು.
ಅದರ ದವಡೆಯಡಿ ಕೌಂಟರು.
‘ರೆಸಿಡೆಂಟ್ ಎಷ್ಟು ಜನ, ಸರ್?’
ತಿರುಗಿ ನೋಡಿದೆ:
ಕೊಲ್ಹಾಪುರದಿಂದ ಬಂದ ಮೂರು ತಲೆ,
ನೀರಿನ ಬಾಟಲಿ, ಚೀಲದ ತಳದಲ್ಲಿ ಟವೆಲು ಸುತ್ತಿ
ನಾನೇ ಅಡಗಿಸಿಟ್ಟ ಹನ್ನೆರಡು ಇಡ್ಲಿ.

ನಿವಾಸಿಗೆ ನೂರ ತೊಂಬತ್ತೈದು ದಿರ್ಹಮ್,
ಹೊರಗಿನವರಿಗೆ ಮುನ್ನೂರ ಹತ್ತು.
ರೂಪಾಯಿಗೆ ಗುಣಿಸುವ ಚಾಳಿ ಬಿಟ್ಟು
ಹದಿನೈದು ವರ್ಷವಾಗಿತ್ತು.
ಮೊಮ್ಮಕ್ಕಳು ವಿಮಾನ ಇಳಿದ ರಾತ್ರಿಯಿಂದ
ಮತ್ತೆ ಹತ್ತಿಕೊಂಡಿದೆ, ಬಿಟ್ಟ ಬೀಡಿಯ ಹಾಗೆ.

‘ಎಲ್ಲರೂ ಇಲ್ಲಿಯವರೇ ಅಂತ ಹೇಳಿಬಿಡು ಭುಜಂಗ,
ಮಕ್ಕಳ ಕಾರ್ಡು ಯಾರು ಕೇಳ್ತಾರೆ?’
ಪಕ್ಕದ ಫ್ಲ್ಯಾಟಿನ ಕುಂಞಿಮೋನು ಹೇಳಿ ಕಳಿಸಿದ್ದ.

ಆದರೆ ನಾನು ಟೈಪಿಂಗ್ ಸೆಂಟರಿನವ.
ಶಾರ್ಜಾದ ರೋಲಾದಲ್ಲಿ, ಜ್ಯೂಸ್ ಅಂಗಡಿಯ ಮೇಲಿನ ಮಹಡಿಯಲ್ಲಿ
ಬಡಗಿಗೆ, ನರ್ಸಿಗೆ, ಒಂಟೆ ಕಾಯುವವನಿಗೆ
ಎಡದಿಂದ ಬಲಕ್ಕೆ ಅವರ ಹೆಸರು,
ಬಲದಿಂದ ಎಡಕ್ಕೆ ಮತ್ತೆ ಅದೇ ಹೆಸರು
ಬಡಿದು ಕೊಟ್ಟವ.
ಒಂದಕ್ಷರ ತಪ್ಪಿದರೆ ಒಬ್ಬನ ಅನ್ನ ತಪ್ಪುತ್ತದೆ.
ಸುಳ್ಳು ಟೈಪು ಮಾಡಿದವನಲ್ಲ.

ಮಾಡಿಸಿಕೊಂಡವ ಹೌದು. ಒಮ್ಮೆ.
ಬೈಂದೂರಿನಲ್ಲಿ, ಏಜೆಂಟನ ಮೇಜಿನೆದುರು,
ಹತ್ತೊಂಬತ್ತರ ನನಗೆ ಇಪ್ಪತ್ತೊಂದು ಬರೆದರು.
ಆ ಎರಡು ವರ್ಷವನ್ನು ನಾನು ಎಲ್ಲೂ ಬದುಕಲಿಲ್ಲ.
ಈಗ ಅವೇ ಬಂದು ಕದ ತಟ್ಟುತ್ತಿವೆ:
ಕಾಗದದ ಪ್ರಕಾರ ನನಗೆ ಅರವತ್ತು,
ಸಾಕು ಅಂದಿದ್ದಾರೆ, ಬರುವ ತಿಂಗಳು ಹದಿನಾಲ್ಕಕ್ಕೆ ವೀಸಾ ಕೊನೆ.
ಮೊಣಕಾಲು ಮಾತ್ರ, ಹೋಯ್, ಕಾಗದದ ಪರ.

ಎತ್ತರ ಅಳೆಯುವ ಕಂಬದ ಬಳಿ ಮಕ್ಕಳನ್ನು ಕರೆದರು.
ಗೆರೆಯ ಕೆಳಗಿದ್ದರೆ ಪುಕ್ಕಟೆ.
ಗುಂಡ ತುದಿಗಾಲಲ್ಲಿ ನಿಂತ, ಕತ್ತು ಎಳೆದ,
ತಲೆಕೆಳಗಾಗಿ ಓಡುವ ರೈಲು ಬೇಕಿತ್ತು ಅವನಿಗೆ.
ಚಿರಂತ ಟೋಪಿ ತೆಗೆಯಲೇ ಒಲ್ಲ.
ಪ್ರಾಪ್ತಿ, ಒಂಬತ್ತರವಳು,
ಗೆರೆಗಿಂತ ಗೇಣು ಮೇಲಿನವಳು,
ಉದ್ದ ಲಂಗದೊಳಗೆ ಸದ್ದಿಲ್ಲದೆ
ಮಂಡಿ ಮಡಚಿದಳು.

ಜೆಬೆಲ್ ಅಲಿ ದಾಟುವಾಗ ಕಾರಿನಲ್ಲಿ
ನಾನು ಬಾಯಿಬಿಟ್ಟೇ ಗುಣಿಸುತ್ತಿದ್ದೆನಂತೆ.

‘ಸಮ ನಿಲ್ಲು ಮಗಾ.’
‘ಸಮನೇ ಇದ್ದೀನಿ ಅಜ್ಜಯ್ಯ.’
‘ಏಳು.’
ಎದ್ದಳು, ಸ್ವಲ್ಪ ಸ್ವಲ್ಪವೇ,
ಬಾವಿಯಿಂದ ಕೊಡ ಮೇಲೆ ಬಂದ ಹಾಗೆ.

‘ನಿವಾಸಿ ಒಬ್ಬನೇ,’ ಅಂದೆ.

ಪುಕ್ಕಟೆ ಒಂದೂ ಆಗಲಿಲ್ಲ.
ಗುಂಡ ಎಳೆದ ಕತ್ತಿನಲ್ಲೇ ಗೆರೆ ದಾಟಿಬಿಟ್ಟಿದ್ದ.
ಹುಡುಗಿ ಎರಡೇ ಬೆರಳಲ್ಲಿ ಕೀಲಿ ಒತ್ತಿದಳು,
ನನಗೆ ನೋಡಲಾಗಲಿಲ್ಲ.

‘ನಿವಾಸಿಗೆ ಒಂದು ಆಫರ್ ಇದೆ ಸರ್,
ಒಂದು ದಿನದ ದುಡ್ಡಿಗೆ ವರ್ಷದ ಪಾಸು.
ವರ್ಷವಿಡೀ ಬರಬಹುದು.’
ನನ್ನ ಹತ್ತಿರ ಐದು ವಾರ ಇತ್ತು.
ಕೊಡಿ ಅಂದೆ.

ಫೋಟೋ ಬೇಕು ಅಂದಳು.
ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಿವಿ ಕಾಣುವಂತೆ,
ತುಟಿ ಬಿಗಿದು ನಿಂತೆ. ರೂಢಿ.
ಪಾಸ್‌ಪೋರ್ಟು, ಲೇಬರ್ ಕಾರ್ಡು, ಲೈಸೆನ್ಸು,
ಮೂವತ್ತೊಂಬತ್ತು ವರ್ಷದಿಂದ ಎಲ್ಲದರಲ್ಲೂ
ಅದೇ ಒಂದು ಮುಖ ಕೊಟ್ಟಿದ್ದೇನೆ.
‘ಇದಕ್ಕೆ ನಗಬಹುದು, ಸರ್.’

ಅಷ್ಟರಲ್ಲಿ ಗುಂಡ ಟವೆಲಿನ ಗಂಟು ಬಿಚ್ಚಿ
ಒಂದು ಇಡ್ಲಿಯನ್ನು ಬೆಳಕಿಗೆ ಹಿಡಿದಿದ್ದ,
ಆಚೆಯಿಂದ ಗಾರ್ಡು ಬರುತ್ತಿದ್ದ.
ನಕ್ಕೆನೋ, ‘ಒಳಗಿಡೋ’ ಅಂದೆನೋ ತಿಳಿಯದು.
ಪಾಸಿನಲ್ಲಿ ಒಡೆದ ದವಡೆಹಲ್ಲಿನವರೆಗೂ ಕಾಣುತ್ತದೆ.