ಕುಲಾವಿ

ಎಸ್.ಪಿ. ರೋಡು, ಎರಡನೇ ಮಹಡಿ, ಕಡಿದಾದ ಮೆಟ್ಟಿಲು.
ಶಟರ್ ಎತ್ತಿದ ಕೂಡಲೇ ನನ್ನ ಮೊದಲ ಕೆಲಸ
ಬಿಳಿ ಬೋರ್ಡಿನ ಮೇಲೆ ಇವತ್ತಿನ ರೇಟು ತಿದ್ದುವುದು.
ರ‍್ಯಾಮು ಏರಿದೆ. ಕ್ಯಾಬಿನೆಟ್ಟು ಹಾಗೇ ಇದೆ.
ಕೆಳಗಿನ ನಾಲ್ಕು ಸಾಲು ಮಾತ್ರ ಎರಡು ತಿಂಗಳಿಂದ
ಹೆಸರಿದ್ದೂ ಬೆಲೆಯಿಲ್ಲದೆ ಕೂತಿವೆ:
ಆರು ಕೋರಿನದು, ಎಂಟರದು, ಹನ್ನೆರಡರದು,
ಮತ್ತೆ, ಎಲ್ಲರೂ ಕೇಳುವ, ಯಾರೂ ಕೊಳ್ಳದ
ಹದಿನಾರರದು.

ಇಡೀ ಬಜಾರು ಈಗ ಎರಡಕ್ಷರದ ಮೇಲೆ ನಿಂತಿದೆ.
ದೀಪಾವಳಿಗೆ ಮುಂಚೆ ಬರುತ್ತಂತೆ.
ಈಗಿನ ಸಾಕೆಟ್ಟಿಗೇ ಕೂರುತ್ತಂತೆ.
ಕೆಂಪು ಡಬ್ಬಿಯವರು ಇಳಿಸಿದರೆ
ನೀಲಿ ಡಬ್ಬಿಯವರೂ ಇಳಿಸುತ್ತಾರಂತೆ.
ಡಾಲರು ಮಾತ್ರ ಇಳಿಯೋದಿಲ್ಲವಂತೆ.
ಟೀ ತರುವ ಸಿಬ್ಗತುಲ್ಲನಿಗೂ ಗೊತ್ತು
ಯಾವುದಕ್ಕೆ ಫ್ಯಾನು ಜೊತೆಗೇ ಬರುತ್ತೆ, ಯಾವುದಕ್ಕೆ ಬೇರೆ ದುಡ್ಡು;
ಅವನು ಹೇಳುವಾಗ ಅಂತೆ ಸೇರಿಸುವುದಿಲ್ಲ, ಅಷ್ಟೆ.

ಸೇಠು ಘೇವರ್‌ಚಂದರು ಹಳೇ ಮಾಲು ಎಣಿಸುತ್ತಾರೆ.
ನಲವತ್ತೊಂದು ಡಬ್ಬಿ.
ಒಂದೊಂದು ಅಂತೆಗೂ ಒಂದೊಂದು ನೂರು ಕಮ್ಮಿ.

ಶನಿವಾರ ಮೂರು ಗಂಟೆಗೆ ಮುನಿವೆಂಕಟಪ್ಪನವರು.
ಬಸ್ ಡಿಪೋದಲ್ಲಿ ಟಿಕೆಟ್ ಲೆಕ್ಕ ಬರೆದು ರಿಟೈರಾದವರು,
ಕಾಟನ್‌ಪೇಟೆಯಿಂದ ನಡೆದೇ ಬರುತ್ತಾರೆ,
ಕಂಕುಳಲ್ಲಿ ಯಾವುದೋ ಬ್ಯಾಂಕಿನ ದಪ್ಪ ಡೈರಿ.
ಅದರಲ್ಲಿ ಹದಿಮೂರು ವರ್ಷದ ಪ್ರೊಸೆಸರುಗಳಿವೆ:
ಹೇಳಿದ ಬೆಲೆ, ಬಂದ ಬೆಲೆ, ಆರು ತಿಂಗಳಿಗೆ ಬಿದ್ದ ಬೆಲೆ,
ಮೂರಕ್ಕೂ ಮೂರು ಬಣ್ಣದ ಇಂಕು.
ಒಂದನ್ನೂ ಕೊಂಡಿಲ್ಲ.
"ಇವತ್ತು ತಗೊಂಡೆ ಅನ್ನು, ನಾಳೆ ಮುಂದಿನದು ಬಂದುಬಿಟ್ಟರೆ?"
ನಗಬೇಡಿ. ಹೋದ ಸಲ ಎಂಟು ಕೋರಿನದಕ್ಕೆ
ಅವರು ಬರೆದದ್ದು ಮೂವತ್ತೊಂದು ಸಾವಿರದ ಐನೂರು.
ಬಂದದ್ದು ಅದಕ್ಕಿಂತ ಒಂದು ರೂಪಾಯಿ ಕಮ್ಮಿ.
ಅವತ್ತಿನಿಂದ ಸೇಠು ಅವರಿಗೆ ಕುರ್ಚಿ ಹಾಕಿಸುತ್ತಾರೆ.

ಅದೇ ಶನಿವಾರ ಟ್ಯಾನರಿ ರೋಡಿನ ಝಾಕಿಯಾ ಬಂದಳು,
ಮದುವೆ ವೀಡಿಯೋ ಕತ್ತರಿಸಿ ಜೋಡಿಸುವವಳು.
ಚೀಲದಲ್ಲಿ ಮದರ್‌ಬೋರ್ಡು; ಆಫರಿನಲ್ಲಿ ಸಿಕ್ಕಿತೆಂದು
ಜೂನಿನಲ್ಲೇ ಕೊಂಡದ್ದು, ಇನ್ನೂ ಬರಬೇಕಾದ ಚಿಪ್ಪಿಗೆ.
ಸಾಕೆಟ್ಟಿನ ನೆತ್ತಿಯ ಮೇಲೆ ಕರೀ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇದೆ.
ಕೂಸು ಹುಟ್ಟೋ ಮುಂಚೆ ಕುಲಾವಿ, ಅಂದೆ.
ಅವಳು ನಗಲಿಲ್ಲ.
ಕೈಯಲ್ಲಿ ಹನ್ನೊಂದು ಮದುವೆ ಇದೆ, ಅಂದಳು.
ಹಳೇ ಮಷೀನಿಗೆ ಒಂದು ಧಾರೆ ಎರೆಯೋದಕ್ಕೆ ಇಡೀ ರಾತ್ರಿ ಬೇಕು,
ತೊಂಬತ್ತೆರಡು ಪರ್ಸೆಂಟಿಗೆ ನಿಂತು ಬೆಳಗಾಗುತ್ತೆ.
ಒಬ್ಬಳು ಮದುಮಗಳಿಗೆ ಈಗ ಏಳು ತಿಂಗಳು;
ಸೀಮಂತದೊಳಗೆ ಮದುವೆ ತೋರಿಸಮ್ಮಾ ಅಂತ
ಅವಳ ತಾಯಿ ದಿನಾ ಫೋನು ಮಾಡ್ತಾರೆ.
"ಕಾಯಲಾ ಅಂಕಲ್, ತಗೊಂಡುಬಿಡಲಾ?"

ಮುನಿವೆಂಕಟಪ್ಪನವರು ಬೆರಳಿಗೆ ಉಗುಳು ಹಚ್ಚಿ
ಟಿಕೆಟ್ ಕಟ್ಟು ಎಣಿಸುವ ಹಾಗೆ ಹಾಳೆ ತಿರುವಿದರು.
ಕೆಳಗೆ ರಸ್ತೆಯಲ್ಲಿ ಗೂಡ್ಸ್ ಆಟೋದವನೊಬ್ಬ
ಹಾರನ್ನು ಒತ್ತಿ ಹಿಡಿದೇ ಇದ್ದ.
"ಹೊಸದು ಬಂದ ಮೇಲೆ ಹಳೇದು ಎರಡು ಸಾವಿರ ಬೀಳುತ್ತೆ.
ಹನ್ನೊಂದರಿಂದ ಭಾಗಿಸು."
ಅವರೇ ಭಾಗಿಸಿದರು. ಮದುವೆಗೆ ನೂರ ಎಂಬತ್ತೆರಡು ರೂಪಾಯಿ.
"ತಗೋ ಮಗಾ. ಕಾಯೋದು ನನ್ನ ಕೆಲಸ, ನಿನ್ನದಲ್ಲ."

ಸೇಠು ಕೇಳದೆಯೇ ನಾನೂರು ಬಿಟ್ಟರು.
ನಲವತ್ತು ಡಬ್ಬಿ.
ನಾನು ಚಿಪ್ಪಿಟ್ಟು ಲಿವರ್ ಒತ್ತಿದೆ;
ಕರೀ ಮುಚ್ಚಳ ಟಪ್ಪನೆ ಎಗರಿ ಕುರ್ಚಿಯ ಕೆಳಗೆ ಬಿತ್ತು.
ಹುಡುಕಿ ಎತ್ತಿಕೊಂಡವರು ಅವರೇ.
ತಿರುಗಿಸಿ ನೋಡಿದರು, ಅಂಗಿಯಂಚಿನಿಂದ ಒರೆಸಿದರು,
ಇದು ಬಿಸಾಡೋದೇ ಅಲ್ವಾ, ಅಂತ ಕೇಳಿ
ಡೈರಿಯೊಳಗಿಟ್ಟರು. ಡೈರಿ ಸರಿಯಾಗಿ ಮುಚ್ಚಲಿಲ್ಲ.

ಹೊರಟವರು ಮೆಟ್ಟಿಲ ಬಳಿ ನಿಂತು
"ಇದರ ಮುಂದಿನದು ಸರಿ,
ಅದರ ಮುಂದಿನದು ಯಾವಾಗಂತೆ?"

ಬೋರ್ಡಿನ ತಳದಲ್ಲಿ ಅಂಗೈಯಷ್ಟು ಜಾಗ ಉಳಿದಿತ್ತು.
ಮಾರ್ಕರು ಒಣಗಿತ್ತು.
ಅಲ್ಲಾಡಿಸಿ ಬರೆದೆ.